ಕತ್ತಲಲ್ಲಿ ಎದ್ದ ರಾಜ

ಕಣಗ್ರಾಹಿ ಎಂಬ ಪುಟ್ಟ ಫೋಟೋ ಯಂತ್ರ ತಿಪಟೂರಿನ ಪುರಭವನದ ಮೂರನೆಯ ಸಾಲಿನ ಪಕ್ಕದಲ್ಲಿ, ಚೆಲುವಯ್ಯನವರ ಹಳೆಯ ಮುಕ್ಕಾಲಿಯ ಮೇಲೆ ಕೂತು ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ರಂಗದ ಮೇಲೆ ಒಂದೇ ಒಂದು ನೀಲಿ ದೀಪ. ಆ ಮಂದ ಬೆಳಕಿನಲ್ಲಿ ರಾಜ ತನ್ನ ಸೇನಾಪತಿಯ ಕತ್ತಿಗೆ ಸಿಕ್ಕಿ ಸಾಯುತ್ತಿದ್ದ. ಮೂವತ್ತು ವರ್ಷಗಳಿಂದ ಈ ತಂಡದ ನಾಟಕಗಳ ಫೋಟೋ ತೆಗೆಯುತ್ತಿದ್ದ ಚೆಲುವಯ್ಯನವರಿಗೆ ಇಂಥ ಬೆಳಕೆಂದರೆ ತಲೆನೋವು. ಫ್ಲ್ಯಾಷ್ ಹಾಕಿದರೆ ನಟರು ಬೈಯುತ್ತಾರೆ, ಹಾಕದಿದ್ದರೆ ರಾಜನಿಗೆ ಮೂರು ಮೂಗು! ಅಂಥ ಅಲುಗಿದ ಚಿತ್ರಗಳನ್ನು ನೋಡಿಯೇ ನಾಟಕೋತ್ಸವದ ಸಮಿತಿ ತಂಡವನ್ನು ಎರಡು ಸಲ ಬೇಡವೆಂದಿತ್ತು. ಈ ಸಲವೂ ಹಾಗಾದರೆ ಕ್ಯಾಮೆರಾ ಮೂಟೆ ಕಟ್ಟುವುದೇ ಸರಿ ಎಂದು ಅವರು ಮನೆಯಲ್ಲಿ ಹೇಳಿಬಿಟ್ಟಿದ್ದರು.

ಯಂತ್ರವನ್ನು ತಂದವಳು ವಿಜ್ಞಾನಿ ಮೇದಿನಿ, ರಾಣಿಯ ಪಾತ್ರ ಮಾಡುವವಳ ತಂಗಿ. ಮಾಮೂಲಿ ಕ್ಯಾಮೆರಾ ಮಂದ ಬೆಳಕಿನಲ್ಲಿ ಬಹಳ ಹೊತ್ತು ಕಣ್ಣು ತೆರೆದಿರಬೇಕು, ಅಷ್ಟರಲ್ಲಿ ನಟ ಅಲುಗಿಬಿಡುತ್ತಾನೆ. ಕಣಗ್ರಾಹಿಯಾದರೋ ಬೆಳಕಿನ ಒಂದೊಂದು ಕಣವೂ ಯಾವಾಗ, ಎತ್ತಲಿಂದ ಬಂತೆಂದು ಗುರುತಿಟ್ಟುಕೊಂಡು, ಆಮೇಲೆ ಅಲುಗಾಟವನ್ನು ಗಣಿತದಿಂದ ತೆಗೆದುಹಾಕುತ್ತದೆ. ಸಾವಿರಾರು ಚಿತ್ರಗಳಲ್ಲಿ ಒಂದನ್ನು ಆರಿಸಿ ಸಮಿತಿಗೆ ಕಳಿಸುವುದೂ ಅದರ ಕೆಲಸವೇ. ಅಂದೇ ಕಡೆಯ ದಿನವಾಗಿತ್ತು.

"ಆರಿಸೋಕೆ ಅದಕ್ಕೆ ನಾಟಕ ಅರ್ಥವಾಗುತ್ತೇನಮ್ಮ?" ಎಂದು ಚೆಲುವಯ್ಯನವರು ಕೇಳಿದ್ದರು.

"ಇಲ್ಲ ಮಾಮ. ಎಲ್ಲರ ಗಮನವೂ ಮಾಡ್ತಿರೋ ಕೆಲಸದ ಮೇಲೇ ನೆಟ್ಟಿರೋ ಕ್ಷಣ ಹುಡುಕು ಅಂತ ಹೇಳಿಕೊಟ್ಟಿದ್ದೀನಿ, ಅಷ್ಟೇ."

ನಾಟಕ ಮುಗಿದ ಮೇಲೆ, ಯಂತ್ರ ಆಗಲೇ ಸಮಿತಿಗೆ ಕಳಿಸಿಬಿಟ್ಟಿದ್ದ ಚಿತ್ರ ನೋಡಿ ಚೆಲುವಯ್ಯನವರು ಹೌಹಾರಿದರು. ಅದು ದೃಶ್ಯ ಬದಲಿಸಲೆಂದು ದೀಪ ಆರಿಸಿದ ನಲವತ್ತು ಸೆಕೆಂಡುಗಳಲ್ಲಿ ತೆಗೆದದ್ದು! ಬಾಗಿಲ ಸಂದಿಯ ಬೆಳಕೇ ಅದಕ್ಕೆ ಸಾಕಾಗಿತ್ತು. ಸತ್ತ ರಾಜ ಎದ್ದು ತನ್ನ ಸಿಂಹಾಸನದ ಒಂದು ತುದಿ ಹಿಡಿದಿದ್ದ, ಕೊಂದ ಸೇನಾಪತಿ ಇನ್ನೊಂದು ತುದಿ. ರಾಣಿ ಸೆರಗು ಸಿಕ್ಕಿಸಿ ಅರಮನೆಯ ಕಂಬವನ್ನು ಹೆಗಲಿಗೇರಿಸಿದ್ದಳು. ನಿರ್ದೇಶಕ ವಾಮದೇವಪ್ಪನವರು ಪ್ರೇಕ್ಷಕರನ್ನು ಅಳಿಸಲೆಂದೇ ಹುಟ್ಟಿದವರು. ಅವರು ನಕ್ಕಿದ್ದನ್ನು ಕಂಡವರಿಲ್ಲ. "ಮರ್ಯಾದೆ ಹರಾಜು ಹಾಕಿಬಿಟ್ರಲ್ಲ ಚೆಲುವಯ್ಯ," ಎಂದರು. ಚೆಲುವಯ್ಯನವರು ಮುಕ್ಕಾಲಿ ಮಡಚತೊಡಗಿದರು.

ಹದಿನೈದು ದಿನಕ್ಕೆ ಪತ್ರ ಬಂತು. ತಂಡ ಆಯ್ಕೆಯಾಗಿತ್ತು! ಜೊತೆಗೊಂದು ಷರತ್ತು: ಸತ್ತ ರಾಜನೂ ಕೊಂದವನೂ ಕೂಡಿ ಸಿಂಹಾಸನ ಹೊರುವ, ಚಿತ್ರದಲ್ಲಿರುವ ಅಪೂರ್ವ ದೃಶ್ಯವನ್ನು ತುಂಬು ಬೆಳಕಿನಲ್ಲಿ ಆಡಬೇಕು.

ಮೂವತ್ತು ವರ್ಷ ಕತ್ತಲಲ್ಲಿ ಹೆಜ್ಜೆ ಎಣಿಸಿಕೊಂಡು, ಒಬ್ಬರಿಗೊಬ್ಬರು ತಾಗದೆ ಓಡಾಡಿದವರು ಇವರು. ಉತ್ಸವದಲ್ಲಿ ಬೆಳಕು ಬಿದ್ದದ್ದೇ ತಡ, ಎಲ್ಲರ ಕಣ್ಣೂ ಪ್ರೇಕ್ಷಕರ ಕಡೆಗೆ. ರಾಜ ಗತ್ತಿನಿಂದ ಎದ್ದು ಸಿಂಹಾಸನ ಎತ್ತಿದ. ಸೇನಾಪತಿ ಮೀಸೆ ತೀಡುತ್ತಾ ತನ್ನ ತುದಿಯನ್ನೇ ಮರೆತ. ರಾಣಿ ಬಿಂಕದಿಂದ ತಿರುಗಿದಳು ನೋಡಿ, ಕಂಬ ಸೇನಾಪತಿಯ ಬೆನ್ನಿಗೆ ಬಡಿದು, ಅವನು ರಾಜನ ಮೇಲೆ ಬಿದ್ದು, ರಾಜ ಎರಡನೆಯ ಸಲ ಸತ್ತ. ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪಕ್ಕದ ಪರದೆಯ ಬಳಿ ನಿಂತಿದ್ದ ವಾಮದೇವಪ್ಪನವರು ಮೊದಲು ಹಲ್ಲು ಕಡಿದರು. ಆಮೇಲೆ ಅವರ ಭುಜ ಕುಲುಕಿತು. ಕೊನೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಚೆಲುವಯ್ಯನವರು ಗಡಬಡಿಸಿ ಕಣಗ್ರಾಹಿಯನ್ನು ಆ ಕಡೆ ತಿರುಗಿಸಿದರೆ, ಬೆಳಕು ಹೆಚ್ಚಾಯಿತೆಂದು ಅದು ಕಣ್ಣು ಮುಚ್ಚಿಕೊಂಡಿತ್ತು. ಚೀಲದಿಂದ ಹಳೆಯ ಕ್ಯಾಮೆರಾ ಎಳೆದು ಕ್ಲಿಕ್ಕಿಸಿದರು. ನಗುವಿನಿಂದ ಅವರ ಕೈ ನಿಲ್ಲುತ್ತಲೇ ಇರಲಿಲ್ಲ.

ಚಿತ್ರದಲ್ಲಿ ವಾಮದೇವಪ್ಪನವರಿಗೆ ಮೂರು ಮೂಗು, ಆರು ಸಾಲು ಹಲ್ಲು. ಮೇದಿನಿ ಅಲುಗಾಟ ತೆಗೆದುಕೊಡುವುದಾಗಿ ಹೇಳಿದಳು. ವಾಮದೇವಪ್ಪನವರು ಚಿತ್ರವನ್ನು ಎದೆಗೆ ಒತ್ತಿಕೊಂಡರು.

"ಮುಟ್ಟಬೇಡಮ್ಮ. ಅಲುಗಾಟ ಹೋದ್ರೆ, ಫೋಟೋ ತೆಗೆದೋನೂ ನಗ್ತಿದ್ದ ಅನ್ನೋದು ಇನ್ನೆಲ್ಲಿ ಕಾಣುತ್ತೆ?"

ಕ್ಯಾಮೆರಾ ಮೂಟೆ ಕಟ್ಟುವ ಮಾತನ್ನು ಚೆಲುವಯ್ಯನವರು ಮತ್ತೆ ಎತ್ತಲಿಲ್ಲ.