ಎಡಹುಬ್ಬಿನ ಬಿರುಕು

"ಅಯ್ಯೋ, ಹಣೆಗೆ ಎರಡು ಜಿಗಣೆ ಅಂಟಿಸಿಬಿಟ್ಟಿದ್ದೀಯಲ್ಲೇ!" ಮೀನು ಮಾರುವ ಅತ್ತೆಮ್ಮ ಕನ್ನಡಿ ನೋಡಿ ಕೂಗಿಕೊಂಡಳು.

ಬೋಬೆ ನಕ್ಕಳು. ಯೋಸು ಬಂದರಿನ ಒಣಮೀನಿನ ಅಂಗಡಿಯ ಮೇಲಿನ ಮಹಡಿಯಲ್ಲಿ, ಹುಬ್ಬಿಗೆ ಹಚ್ಚೆಬಣ್ಣ ತುಂಬುವ ಅವಳ ಪುಟ್ಟ ಕೋಣೆಯಲ್ಲಿ, ಈ ಕೂಗು ಹೊಸದಲ್ಲ. ಅದಕ್ಕೆ ಅವಳು ಹೇಳುವ ಉತ್ತರವೂ ಒಂದೇ. ತನ್ನ ಅಮ್ಮ ನಸುಕಿನಲ್ಲಿ ಬುದ್ಧನ ಮುಂದೆ ಕೂತು ಸೂತ್ರ ಪಠಿಸುತ್ತಿದ್ದ ಏರಿಳಿತದಲ್ಲೇ ಅವಳು ಅದನ್ನು ಹೇಳುತ್ತಿದ್ದಳು:

"ಮೊದಮೊದಲು ಕಪ್ಪಾಗಿ ಕಾಣುತ್ತೆ, ಹೆದರಬೇಡಿ. ಆಮೇಲೆ ಹಕ್ಕಳೆ ಕಟ್ಟುತ್ತೆ, ಕೀಳಬೇಡಿ. ಹಕ್ಕಳೆ ಉದುರಿದಾಗ ಎಲ್ಲಾ ಹೋಯ್ತು ಅನಿಸುತ್ತೆ, ಅಳಬೇಡಿ. ತಿಂಗಳೊಳಗೆ ಬಣ್ಣ ಒಳಗಿಂದ ಮೇಲೆ ಬರುತ್ತೆ. ಬರದಿದ್ದ ಕಡೆ ಇನ್ನೊಂದು ಸಲ ತುಂಬ್ತೀನಿ."

"ಇದನ್ನ ನೋಡಿ ನಮ್ಮೋನು ಮನೆ ಬಿಟ್ಟು ಓಡಿಹೋದ್ರೆ?"

"ಓಡಲ್ಲ ಅತ್ತೆಮ್ಮ. ಹೆದರಿಕೊಂಡು ಮೂಲೇಲಿ ಕೂರ್ತಾರೆ."

ಅತ್ತೆಮ್ಮ ನಗುತ್ತಾ ಇಳಿದುಹೋದ ಮೆಟ್ಟಿಲನ್ನೇ ಹತ್ತಿ ಮುನ್‌ಹೊ ಬಂದ.

ಫೋನಿನಲ್ಲಿ ಯಾರೋ ಹೆಂಗಸು, "ನಮ್ಮ ಅಳಿಯನಾಗೋನಿಗೆ" ಎಂದಷ್ಟೇ ಹೇಳಿ ಸಮಯ ಕೇಳಿದ್ದಳು. ಬಾಗಿಲಲ್ಲಿ ನಿಂತವನ ಎಡಹುಬ್ಬಿನಲ್ಲಿ ಕೂದಲಿಲ್ಲದ ಓರೆ ಬಿರುಕು. ಅದನ್ನು ಬೋಬೆ ಕತ್ತಲಲ್ಲೂ ಗುರುತಿಸಬಲ್ಲಳು.

"ನೀನಾ..." ಎಂದ ಅವನು.

"ನಾನೇ. ಚಪ್ಪಲಿ ಹೊರಗೆ ಬಿಡು."

ಹತ್ತೊಂಬತ್ತರ ವಯಸ್ಸಿನ ಹುಡುಗಾಟ ಅದು. ಕಡಲ ಕಟ್ಟೆಯ ಮೇಲೆ ಅವನು ಸೈಕಲ್ ತುಳಿಯುತ್ತಿದ್ದ. ಹಿಂದೆ ಕೂತಿದ್ದ ಬೋಬೆ ಎರಡೂ ಕೈಯಿಂದ ಅವನ ಕಣ್ಣು ಮುಚ್ಚಿ, "ಈಗ ತುಳಿ ನೋಡೋಣ!" ಅಂದಿದ್ದಳು. ಅವನು ತುಳಿದ. ಕಲ್ಲಿಗೆ ಬಡಿದು ಹುಬ್ಬು ಸೀಳಿತು. ಅಲ್ಲಿ ಮತ್ತೆ ಕೂದಲು ಹುಟ್ಟಲಿಲ್ಲ. ಅವನ ತಾಯಿ ಮುಖಲಕ್ಷಣ ಓದುವವನ ಬಳಿಗೆ ಮಗನನ್ನು ಕರೆದೊಯ್ದಳು. ಮುರಿದ ಹುಬ್ಬು ಸಂಸಾರ ಮುರಿಯುತ್ತದೆ ಎಂದನಂತೆ ಆತ. ಹುಬ್ಬು ಮುರಿದವಳು ಮನೆ ತುಂಬುವುದು ಬೇಡ ಎಂದಳು ತಾಯಿ. ಮುನ್‌ಹೊ ತಲೆ ತಗ್ಗಿಸಿದ. ಅಷ್ಟರಲ್ಲೇ ಎಲ್ಲ ಮುಗಿದಿತ್ತು.

"ಅತ್ತೆಯಾಗೋರು ನನ್ನ ಮುಖಲಕ್ಷಣ ನೋಡಿಸಿದ್ರು. ಮದುವೆಗೆ ಮುಂಚೆ ಇದನ್ನ ತುಂಬಿಸ್ಕೋ ಅಂದ್ರು," ಎಂದ ಅವನು.

"ಅವತ್ತು ನಿಮ್ಮಮ್ಮ ಅಂದ್ರು, ಇವತ್ತು ಅತ್ತೆ ಅಂದ್ರು. ನೀನು ಯಾವಾಗ ಅಂತೀಯ ಮುನ್‌ಹೊ?"

ಅವನು ಮಂಚದ ಮೇಲೆ ಮಲಗಿದ. "ನೋವಾಗುತ್ತಾ?"

"ಮರಗಟ್ಟೋ ಕ್ರೀಮ್ ಹಚ್ತೀನಿ, ಏನೂ ಗೊತ್ತಾಗಲ್ಲ. ನಿಂಗೆ ಅದು ರೂಢಿನೇ."

ಕ್ರೀಮ್ ಮೇಲೆ ತೆಳು ಪ್ಲಾಸ್ಟಿಕ್ ಹೊದಿಸಿ ಇಬ್ಬರೂ ಕಾದರು. ಕೆಳಗಿನಿಂದ ಒಣಮೀನಿನ ವಾಸನೆ ಏರಿ ಬರುತ್ತಿತ್ತು. ಆಮೇಲೆ ಅವಳು ದಾರ ಹಿಡಿದು ಅಳತೆ ನೋಡಿದಳು, ಪೆನ್ಸಿಲ್‌ನಿಂದ ಗೆರೆ ಎಳೆದಳು. ಅವನ ಉಸಿರು ಅವಳ ಮಣಿಕಟ್ಟಿಗೆ ತಾಗುತ್ತಿತ್ತು. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಅವಳ ಕೈ ಹೋದತ್ತ ಹೊರಳುತ್ತಿತ್ತು.

"ನಿನ್ನ ಕೈ ಇನ್ನೂ ತಣ್ಣಗೇ ಇದೆ."

"ಮಾತಾಡಬೇಡ, ಗೆರೆ ಕೆಡುತ್ತೆ."

"ಅವತ್ತು ಕಣ್ಣು ಮುಚ್ಚಿದಾಗಲೂ ಹೀಗೇ ಇತ್ತು. ನಾನು ಬೇಕಂತಲೇ ನಿಲ್ಲಿಸಲಿಲ್ಲ, ಬೋಬೆ. ನಿಲ್ಲಿಸಿದ್ರೆ ಆ ಕೈ ತೆಗೆದುಬಿಡ್ತೀಯ ಅಂತ."

ಅವನ ಕಣ್ಣಂಚಿನಿಂದ ನೀರು ಕಿವಿಯತ್ತ ಇಳಿಯಿತು. "ಕ್ರೀಮ್ ಕಣ್ಣಿಗೆ ಹೋಯ್ತು," ಎಂದ. ಅವಳು ಹತ್ತಿಯಿಂದ ಒರೆಸಿದಳು. ಕ್ರೀಮ್ ಅಲ್ಲಿಯವರೆಗೆ ಹೋಗಿರಲಿಲ್ಲ.

ಗಾಯ ಮಾಗಿದ ಚರ್ಮ ಸುಲಭವಾಗಿ ಬಣ್ಣ ಹಿಡಿಯುವುದಿಲ್ಲ; ಅಲ್ಲಿ ಸೂಜಿ ತುಸು ಒತ್ತಿ ಆಡಿಸಬೇಕು. ಬೋಬೆಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೂ ಆ ಬಿರುಕಿನ ಮೇಲೆ ಅವಳ ಸೂಜಿ ಗಾಳಿಯಂತೆ ತೇಲಿಹೋಯಿತು. ಹಕ್ಕಳೆಯ ಜೊತೆ ಅಲ್ಲಿಯ ಬಣ್ಣ ಉದುರಬೇಕು. ಅವನು ಇನ್ನೊಂದು ಸಲ ಬರಬೇಕು. ಕೈಯಾರೆ ಅವಳು ಮಾಡಿದ ಮೊದಲ ಮೋಸ ಅದು.

ಅವನು ಹೊರಟಾಗ ಅದೇ ಸೂತ್ರ ಹೇಳಿದಳು. "ಬರದಿದ್ದ ಕಡೆ ಇನ್ನೊಂದು ಸಲ" ಎನ್ನುವಲ್ಲಿ ಮಾತ್ರ ದನಿ ಸಣ್ಣಗಾಯಿತು. ಮುಂದಿನ ತಿಂಗಳ ದಿನ ಗೊತ್ತುಮಾಡಿದಳು.

ಆ ದಿನ ಬಂತು. ಬೋಬೆ ಮಂಚಕ್ಕೆ ಹೊಸ ಹಾಸು ಹಾಕಿದಳು. ತುಟಿಗೆ ಬಣ್ಣ ಹಚ್ಚಿ, ಒರೆಸಿ, ಮತ್ತೆ ಹಚ್ಚಿದಳು. ಬಾಗಿಲು ತೆರೆದು ಒಳಗೆ ಬಂದವಳು ದುಂಡುಮುಖದ ಹುಡುಗಿ.

"ಅಕ್ಕ, ಮುನ್‌ಹೊ ಅವರ ಸಮಯ ನಂಗೆ ಕೊಡ್ತೀರಾ? ನಾನು ನಾರೆ, ಅವರ ಹೆಂಡ್ತಿ. ಮೇಲೆ ಬನ್ನಿ ಅಂದೆ. ಒಣಮೀನು ನೋಡ್ತಿರ್ತೀನಿ ಅಂತ ಕೆಳಗೇ ನಿಂತ್ಬಿಟ್ರು."

"ಅವರ ಬಣ್ಣ... ನಿಂತಿತಾ?"

"ಎಲ್ಲಾ ಕಡೆ ನಿಂತಿದೆ, ಆ ಬಿರುಕಲ್ಲಿ ಮಾತ್ರ ಉದುರಿಹೋಯ್ತು. ನಮ್ಮಮ್ಮ ಸಿಟ್ಟಲ್ಲಿ ಕುಣಿದಾಡಿಬಿಟ್ರು! ಇನ್ನೊಂದು ಸಲ ಬೇಡ ಅಂತ ನಾನೇ ಅಂದೆ ಅಕ್ಕ. ನಂಗೆ ಅದೇ ಇಷ್ಟ. ಅವರು ಮಲಗಿದ್ದಾಗ ಬೆರಳಿಟ್ಟು ನೋಡ್ತೀನಿ, ನನ್ನ ಕಿರುಬೆರಳು ಸರಿಯಾಗಿ ಕೂರುತ್ತೆ."

ಬೋಬೆ ಬಣ್ಣದ ಬಟ್ಟಲನ್ನು ಸುಮ್ಮನೆ ಕಲಕಿದಳು. "ಅದು ಹೇಗಾಯ್ತಂತೆ?"

"ಸೈಕಲ್‌ನಿಂದ ಬಿದ್ದಿದ್ದಂತೆ. ಒಬ್ರೇ ಹೋಗ್ತಿದ್ರಂತೆ, ಎಲ್ಲೋ ನೋಡ್ಕೊಂಡು."

"ಒಬ್ರೇನಾ?"

"ಹೂಂ. ಯಾಕಕ್ಕ?"

ಒಂದು ಮಾತು ಸಾಕಿತ್ತು. ಅದು ಬೋಬೆಯ ನಾಲಿಗೆಯ ತುದಿಯವರೆಗೂ ಬಂತು. ನಾರೆ ಆಗಲೇ ಮಲಗಿ, ನಂಬಿ, ಕಣ್ಣು ಮುಚ್ಚಿಕೊಂಡಿದ್ದಳು.

"ಏನಿಲ್ಲ. ಅಲುಗಾಡಬೇಡಿ," ಎಂದಳು ಬೋಬೆ.

ಈ ಸಲ ಸೂಜಿ ತೇಲಲಿಲ್ಲ. ಒಂದೊಂದು ಎಳೆಯನ್ನೂ ಕೂದಲು ಹುಟ್ಟುವ ದಿಕ್ಕಿಗೇ ಎಳೆದಳು, ಬೇಕಾದಷ್ಟು ಆಳಕ್ಕೆ. ಇಷ್ಟು ಚೆಂದದ ಹುಬ್ಬನ್ನು ಅವಳು ಯಾರಿಗೂ ಬರೆದಿರಲಿಲ್ಲ.

ಕನ್ನಡಿ ನೋಡಿ ನಾರೆ ಕಿರುಚಿದಳು. "ಅಯ್ಯೋ ಅಕ್ಕ! ಇಷ್ಟು ಕಪ್ಪಾ! ಅವರು ನಗ್ತಾರೆ!"

"ಮೊದಮೊದಲು ಕಪ್ಪಾಗಿ ಕಾಣುತ್ತೆ, ಹೆದರಬೇಡಿ. ಆಮೇಲೆ ಹಕ್ಕಳೆ ಕಟ್ಟುತ್ತೆ, ಕೀಳಬೇಡಿ. ಉದುರಿದಾಗ ಎಲ್ಲಾ ಹೋಯ್ತು ಅನಿಸುತ್ತೆ..." ಬೋಬೆ ನಿಲ್ಲಿಸಿದಳು.

"ಆಮೇಲೆ? ಇನ್ನೊಂದು ಸಲ ಬರಬೇಕಾ?"

"ಬೇಡ. ನಿಮ್ಮದು ನಿಲ್ಲುತ್ತೆ."

ನಾರೆ ದಡದಡ ಇಳಿದುಹೋದಳು. ಬೋಬೆ ಕಿಟಕಿಗೆ ಬಂದಳು. ಕೆಳಗೆ ಮುನ್‌ಹೊ ಒಣಮೀನಿನ ಬುಟ್ಟಿಗಳತ್ತ ಮುಖ ಮಾಡಿ ನಿಂತಿದ್ದ. ನಾರೆ ಸದ್ದಿಲ್ಲದೆ ಹಿಂದಿನಿಂದ ಹೋಗಿ ಎರಡೂ ಕೈಯಿಂದ ಅವನ ಕಣ್ಣು ಮುಚ್ಚಿದಳು. "ನೋಡಬೇಡಿ! ಮನೆ ಸೇರೋವರೆಗೂ ನೋಡಬೇಡಿ!"

ಅವನು ಆ ಕೈಗಳನ್ನು ಬಿಡಿಸಿಕೊಳ್ಳಲಿಲ್ಲ. ಕಣ್ಣು ಮುಚ್ಚಿಸಿಕೊಂಡೇ, ನಗುತ್ತಾ, ಒಂದೊಂದೇ ಹೆಜ್ಜೆ ಮುಂದಿಟ್ಟ.

ಬೋಬೆ ಒಳಗೆ ಬಂದು ಮಂಚದ ಹೊಸ ಹಾಸನ್ನು ಕಿತ್ತು ಮಡಚಿದಳು.