ಐನೂರು ಬಸ್ಕಿ

ಬಾಗೇವಾಡಿಯ ಹಣಮಂತ್ರಾಯ ಡಾಕ್ಟರ ದವಾಖಾನೆಗೆ ಸೋಮನಿಂಗ ಮೊದಲ ಸಲ ಬಂದದ್ದು ಎಪ್ಪತ್ತನಾಲ್ಕರ ಚಳಿಗಾಲದಲ್ಲಿ. ಬಾಗಿಲು ತುಂಬುವ ಆಳು. ನರ್ಸ್ ಇಂದ್ರಾಬಾಯಿ ಅವನ ಬೆನ್ನ ಹಿಂದೆ ಇಣುಕಿದಳು.

“ಪೇಶಂಟ್ ಎಲ್ಲಿ ಅದಾರ್ರಿ?”

“ನಾನ ರೀ ಬಾಯಾರ,” ಎಂದು ಗೊಳಸಂಗಿಯ ಆ ಪೈಲ್ವಾನ ನಾಚಿಕೊಂಡ.

ಅವಳಿಗೆ ನಗು ತಡೆಯಲಿಲ್ಲ. ಅವನ ಎದೆಯೊಳಗಿನ ಸುಂಯ್‌ಗುಡುವ ಸದ್ದು ಕೇಳಿದ ಮೇಲೆ ನಗು ನಿಂತಿತು. ಉಬ್ಬಸ, ಅದೂ ಹಳೆಯದು.

ಡಾಕ್ಟರು ಸ್ಟೀರಾಯ್ಡ್ ಗುಳಿಗೆ ಬರೆದರು. ಪ್ರತಿ ಸಂತೆಯ ದಿನ ಬಂದು ಒಯ್ಯಬೇಕು. ಏಳು ಗುಳಿಗೆ ಪೊಟ್ಟಣ ಕಟ್ಟಲು ಎಷ್ಟು ಹೊತ್ತು ಬೇಕು? ಇಂದ್ರಾಬಾಯಿಗೆ ಅರ್ಧ ತಾಸು ಹಿಡಿಯುತ್ತಿತ್ತು!

“ನಡುವ ಬಿಡಬ್ಯಾಡ್ರಿ ಮತ್ತ.”

“ಬಿಟ್ರ ನಿಮ್ಮ ಮಾರಿ ನೋಡೂದ ತಪ್ತೈತಲ್ರಿ.”

“ಮಾತಿಗೇನೂ ಉಬ್ಬಸ ಇಲ್ಲ ನೋಡ್ರಿ ನಿಮಗ!”

ಹೀಗೆ ಎಂಟು ತಿಂಗಳು. ಉಬ್ಬಸ ತಗ್ಗಿತು, ಆದರೆ ಗುಳಿಗೆಗೆ ಅವನ ಮುಖ ದುಂಡಗೆ ಊದಿಕೊಂಡಿತು. ಅವಳಿಗೆ ಆ ದುಂಡು ಮುಖವೇ ಜೀವ. ಬಾಯಿ ಬಿಟ್ಟು ಹೇಳಿದ್ದರೆ ಏನು ಹೋಗುತ್ತಿತ್ತು? ಆದರೆ ಅವಳ ಹಾಳು ನಾಲಿಗೆಗೆ ಚೇಷ್ಟೆಯೊಂದೇ ಗೊತ್ತು.

“ಏನ್ರಿ ಪೈಲ್ವಾನರ, ಮಾರಿ ಹೂರಣ ತುಂಬಿದ ಹೋಳಿಗಿ ಆಗೈತಿ!”

ಪ್ರತಿ ಸಲ ನಗುವವನು ಅಂದು ನಗಲಿಲ್ಲ. ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುವುತ್ತ ನಿಂತ.

“ಇಂಥಾ ಮಾರಿ ತಗೊಂಡು ನಿಮ್ಮಪ್ಪನ ಮುಂದ ಕುಂತ್ರ, ಹೆಣ್ಣು ಕೊಡ್ತಾರೇನ್ರಿ?”

ಅವಳ ಕೈಯಲ್ಲಿದ್ದ ಪೊಟ್ಟಣ ಬಿಚ್ಚಿಹೋಯಿತು.

“ಮೊದಲ ಇಳಿಸ್ಕೊಂಡು ಬರ್ರಿ. ಆಮ್ಯಾಲ ನೋಡೂಣು,” ಎಂದಳು ನೆಲ ನೋಡುತ್ತ.

ಅವನು ಹಲ್ಲು ಕಿರಿದು ಓಡಿದ. ಅವಳು ಸಂಜೆಯವರೆಗೆ ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು.

ಗರಡಿಯವರ ಲೆಕ್ಕವೇ ಬೇರೆ. ಹಾಲು ಕುಡಿದಿರಾ, ಬದಾಮಿ ತಿಂದಿರಾ, ಬಸ್ಕಿ ಹೊಡೆದು ಬೆವರು ಸುರಿಸಿ ಅರಗಿಸಬೇಕು. ಗುಳಿಗೆಗೂ ಅದೇ ಲೆಕ್ಕ ಹಚ್ಚಿದ ಆ ಹುಚ್ಚಪ್ಪ. ಮೈಯೊಳಗಿನ ಔಷಧವೆಲ್ಲ ಬೆವರಿನಲ್ಲಿ ಹೊರಬಿದ್ದರೆ ಊತ ಇಳಿಯುತ್ತದೆಂದು ನಂಬಿದ. ಗುಳಿಗೆ ಪೂರ್ತಿ ಬಿಟ್ಟ. ದಿನಾ ಬೆಳಿಗ್ಗೆ ಐನೂರು ಬಸ್ಕಿ ಹೊಡೆದ.

ಮುಂದಿನ ಸಂತೆಗೆ ಇಂದ್ರಾಬಾಯಿ ಮಲ್ಲಿಗೆ ಮುಡಿದು ಕಾಯುತ್ತಿದ್ದಳು. ಸೋಮನಿಂಗ ಬಂದ, ಎತ್ತಿನ ಗಾಡಿಯಲ್ಲಿ ಮಲಗಿಕೊಂಡು.

“ಎರಡು ದಿನದಿಂದ ಬರೇ ವಾಂತಿರೀ ಯವ್ವಾ. ನಿನ್ನಿ ಬಸ್ಕಿ ಹೊಡಿಯೂವಾಗ ಬಿದ್ದಾಂವ ಎದ್ದ ಇಲ್ಲ,” ಎಂದು ತಾಯಿ ಗುಂಡವ್ವ ಬಾಯಿ ಬಡಿದುಕೊಂಡಳು. “ಮಾರಿ ಇಳಸಬೇಕ ಅಂತ ಹಟ ಹಿಡದಿದ್ದ.”

ನಾಡಿ ಕೈಗೆ ಸಿಗಲಿಲ್ಲ. ಡಾಕ್ಟರು ಇಂಜೆಕ್ಷನ್ ಕೊಟ್ಟು, ಸಲೈನ್ ಹಚ್ಚಿ, ತಲೆ ಚಚ್ಚಿಕೊಂಡರು.

“ಆ ಗುಳಿಗ್ಯಾಗ ಇರೂದು ಮೈ ತಾನ ತಯಾರ ಮಾಡ್ತಿದ್ದ ಸತ್ವ. ಗುಳಿಗಿ ಸಿಗಾಕತ್ತ ಮ್ಯಾಲ ಮೈ ಆ ಕೆಲಸ ಬಿಟ್ಟೈತಿ. ದುಡದಷ್ಟೂ ಅದು ಹೆಚ್ಚು ಬೇಕು. ಇಂವ ಗುಳಿಗಿನೂ ಬಿಟ್ಟು ದುಡದಾನ. ಯಾರು ಹೇಳಿದ್ರು ಇವಂಗ?”

ಇಂದ್ರಾಬಾಯಿ ಸಲೈನ್ ಬಾಟಲಿ ಸರಿಪಡಿಸುತ್ತ ಮುಖ ತಿರುಗಿಸಿದಳು. ಮುಖ ಇಳಿಸಿಕೊಂಡು ಬರ್ರಿ ಎಂದವಳು ಅವಳೇ.

ತಾಸು ಕಳೆದರೂ ನಾಡಿ ಏಳಲಿಲ್ಲ. ಇನ್ನೇನೂ ಉಳಿದಿಲ್ಲವೆಂದು ಡಾಕ್ಟರ ಮುಖವೇ ಹೇಳಿತು. ಆದರೂ ವಿಜಾಪುರಕ್ಕೆ ಒಯ್ಯೋಣವೆಂದು ಜೀಪು ಹುಡುಕಲು ಹೋದರು.

ಸೋಮನಿಂಗ ಕಣ್ಣು ತೆರೆದ.

“ಬಾಯಾರ... ಇಳದೈತೇನ್ರಿ?”

ಕಣ್ಣು ಗುಳಿ ಬಿದ್ದಿದ್ದವು. ಕೆನ್ನೆ ಮಾತ್ರ ಹಾಗೇ ದುಂಡಗಿತ್ತು.

“ಇಳದೈತ್ರಿ. ಪೂರಾ ಇಳದೈತಿ,” ಎಂದಳು. “ನಾಳಿ ನಮ್ಮ ಮನಿಗೆ ಬರ್ರಿ. ನಮ್ಮಪ್ಪ ಒಲ್ಲೆ ಅಂದ್ರ ನಾನ ನಿಮ್ಮ ಮನಿಗೆ ಬಂದಬಿಡ್ತೇನಿ.”

“ಖರೇನ?”

“ಖರೇನ ರೀ.”

“ಕನ್ನಡಿ ತೋರಸ್ರಿ.”

ಕನ್ನಡಿ ಅವಳ ಬೆನ್ನ ಹಿಂದೆಯೇ ಗೋಡೆಗಿತ್ತು. ಅವಳು ಅದಕ್ಕೆ ಅಡ್ಡ ಸರಿದು ನಿಂತಳು.

“ಅದು ಒಡದೈತ್ರಿ,” ಎಂದು ಎರಡೂ ಅಂಗೈಯಿಂದ ಅವನ ಕೆನ್ನೆ ಹಿಡಿದಳು. ಅವನು ನಂಬಿದ. ತೃಪ್ತಿಯಿಂದ ಕಣ್ಣು ಮುಚ್ಚಿದ.

ಹೊರಗೆ ಜೀಪು ಬಂದು ನಿಂತಾಗ ಒಯ್ಯಲು ಸೋಮನಿಂಗ ಉಳಿದಿರಲಿಲ್ಲ. ಗುಂಡವ್ವ ಮಗನ ಕಾಲ ಮೇಲೆ ಬಿದ್ದು ಅಳುತ್ತಿದ್ದಳು. ಇಂದ್ರಾಬಾಯಿ ಕೈ ತೆಗೆಯಲಿಲ್ಲ.

“ಇಳದಿಲ್ರಿ,” ಎಂದಳು ಅವನ ಕಿವಿಯ ಹತ್ತಿರ ಬಾಗಿ. “ಇಳಿಯೂದ ಬ್ಯಾಡಾಗಿತ್ರಿ ನನಗ.”