ನಲವತ್ತೊಂದು ಸಹಿಗಳು

ನವೆಂಬರ್ ಹನ್ನೆರಡು, ಬುಧವಾರ, ಬೆಳಿಗ್ಗೆ ಹತ್ತೂ ಹತ್ತಕ್ಕೆ ನಾಗಾರ್ಜುನ ಗೋಣಿಕೊಪ್ಪಲು ಠಾಣೆಯ ಮೆಟ್ಟಿಲು ಹತ್ತಿದಾಗ, ಇದು ಕಾಡಾನೆಯ ವಿಷಯವೇ ಇರಬೇಕು ಎಂದುಕೊಂಡ ಹೆಡ್ ಕಾನ್‌ಸ್ಟೆಬಲ್ ಬೊಳ್ಳಪ್ಪ. ತೋಟದವರು ಈ ತಿಂಗಳಲ್ಲಿ ಠಾಣೆಗೆ ಬರುವುದು ಒಂದೋ ಆನೆಯ ಮೇಲೆ ದೂರು ಕೊಡಲು, ಇಲ್ಲವೇ ಕಾಫಿ ಕಳ್ಳರ ಮೇಲೆ.

"ನನ್ನ ಸಹಿ ಕಳುವಾಗಿದೆ," ಎಂದರು ನಾಗಾರ್ಜುನ.

ಬೊಳ್ಳಪ್ಪ ಪೆನ್ನು ಕೆಳಗಿಟ್ಟ. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಹಸು, ಜೀಪು, ಒಮ್ಮೆ ಕಂಬದ ಸಮೇತ ಒಂದು ಗೇಟು ಕಳುವಾದದ್ದನ್ನೂ ಅವನು ಬರೆದುಕೊಂಡಿದ್ದ. ಸಹಿ ಇದೇ ಮೊದಲು. ನಗು ತಡೆದುಕೊಂಡು ಅವರನ್ನು ನೇರ ಇನ್‌ಸ್ಪೆಕ್ಟರ್ ಆಶಾರಾಣಿಯವರ ಕೋಣೆಗೆ ಕರೆದೊಯ್ದ.

ನಾಗಾರ್ಜುನ ವಿಮಾನ ನಿರ್ವಹಣಾ ಎಂಜಿನಿಯರ್, ಲೈಸೆನ್ಸ್ ಪಡೆದವರು. ವಾರದಲ್ಲಿ ಸೋಮವಾರದಿಂದ ಬುಧವಾರದವರೆಗೆ ಮೈಸೂರು ಕಡೆಯ ಒಂದು ಸಣ್ಣ ಹ್ಯಾಂಗರಿನಲ್ಲಿ ಕೆಲಸ, ಉಳಿದ ದಿನ ಊರಲ್ಲಿ ಕಾಫಿ ತೋಟ. ಆ ಬುಧವಾರ ರಜೆ ಹಾಕಿ ಬಂದಿದ್ದರು. ಅವರ ಕೈಕೆಳಗೆ ಕಲಿಯುತ್ತಿದ್ದವಳು ಮೋಕ್ಷಿತಾ, ಇಲ್ಲೇ ಗೋಣಿಕೊಪ್ಪಲಿನ ಹುಡುಗಿ.

"ಬರವಣಿಗೆಯ ಪರೀಕ್ಷೆಗಳೆಲ್ಲ ಪಾಸಾಗಿದ್ದಾಳೆ. ಆದರೆ ಅಷ್ಟಕ್ಕೇ ಲೈಸೆನ್ಸ್ ಕೊಡುವುದಿಲ್ಲ ಮೇಡಂ. ಎರಡು ವರ್ಷ ವಿಮಾನದ ಮೇಲೆ ಕೈಯಾರೆ ಕೆಲಸ ಮಾಡಿರಬೇಕು. ಒಂದೊಂದು ಕೆಲಸವನ್ನೂ ಲಾಗ್‌ಬುಕ್ಕಿನಲ್ಲಿ ಬರೆಯಬೇಕು. ನೋಡಿದ ಎಂಜಿನಿಯರ್ ಅದರ ಮುಂದೆ ಸಹಿ ಮಾಡಿ ಸೀಲು ಒತ್ತಬೇಕು."

"ನೀವು ಒತ್ತಲಿಲ್ವಾ?"

"ನೋಡಿದ್ದಕ್ಕೆ ಒತ್ತಿದ್ದೇನೆ. ನಾನು ಇಲ್ಲದ ದಿನ ಮಾಡಿದ್ದು ನಲವತ್ತೊಂದು ಕೆಲಸ. ಅದಕ್ಕೆ ಒತ್ತಿಲ್ಲ. ಸೋಮವಾರ ಹೋಗಿ ವಿಮಾನ ಪೂರ್ತಿ ಪರೀಕ್ಷೆ ಮಾಡಿ ಹಾರಲಿಕ್ಕೆ ಸಹಿ ಹಾಕ್ತೇನೆ, ಅದು ಬೇರೆ. ಯಾರ ಕೈ ಕೆಲಸ ಮಾಡಿತು ಅಂತ ಕಾಣದೆ ಆ ಕೈಗೆ ಹೇಗೆ ಸಹಿ ಹಾಕಲಿ?"

ಲೈಸೆನ್ಸಿಗೆ ಅರ್ಜಿ ಹಾಕುವ ಮೊದಲು ಮೋಕ್ಷಿತಾಳ ಲಾಗ್‌ಬುಕ್ಕನ್ನು ಅವಳಿಗೆ ಕೆಲಸ ಕೊಡಲಿದ್ದ ಕಂಪನಿ ತಪಾಸಣೆ ಮಾಡಿತ್ತು. ಅಲ್ಲಿಂದ ಹಿಂದಿನ ದಿನ ನಾಗಾರ್ಜುನರಿಗೆ ಫೋನು ಬಂತು. ನಲವತ್ತೊಂದಕ್ಕೂ ಅವರ ಸಹಿ ಇತ್ತು, ಸೀಲೂ ಇತ್ತು.

ಹನ್ನೊಂದೂವರೆಗೆ ಖೋಟಾ ದಾಖಲೆ ಸೃಷ್ಟಿಯ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ 'ಅಪರಿಚಿತ' ಎಂದು ಬರೆಸಿದರು ಆಶಾರಾಣಿ. ಆ ಜಾಗಕ್ಕೆ ಮೊದಲು ಹೊಂದುವ ಹೆಸರು ಯಾವುದೆಂದು ಮೂವರಿಗೂ ಗೊತ್ತಿತ್ತು. ಲಾಭ ಯಾರಿಗೋ ಕೈವಾಡ ಅವರದ್ದೇ ಎಂದು ನಾಳೆ ಯಾವ ವಕೀಲನೂ ಹೇಳಿಯಾನು. ಚಾರ್ಜ್‌ಶೀಟಿನಲ್ಲಿ ಮೋಕ್ಷಿತಾಳ ಹೆಸರು ಬಂದರೆ ಅವಳು ಈ ಜನ್ಮದಲ್ಲಿ ವಿಮಾನದ ನಟ್ಟು ಮುಟ್ಟುವ ಹಾಗಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ಮೋಕ್ಷಿತಾ ಲಾಗ್‌ಬುಕ್ ಹಿಡಿದು ಠಾಣೆಗೆ ಬಂದಳು. ಕಣ್ಣು ಊದಿತ್ತು, ಧ್ವನಿ ಮಾತ್ರ ಗಟ್ಟಿ ಇತ್ತು.

"ಈ ನಲವತ್ತೊಂದು ಕೆಲಸ ಮಾಡಿದ್ದು ಯಾರು?"

"ನಾನೇ ಮೇಡಂ. ಬರೆದದ್ದೂ ನಾನೇ."

"ಸಹಿ?"

"ಸೆಪ್ಟೆಂಬರಿನಲ್ಲಿ ಸರ್ ಮನೇಲಿ ಕೈಲ್ ಮುಹೂರ್ತ ಹಬ್ಬದ ಊಟ ಇತ್ತು. ಸರ್ ಹತ್ರ ಕೇಳ್ಲಿಕ್ಕೆ ಹೆದರಿಕೆ ಆಗಿ ಪುಸ್ತಕ ಧರ್ಮೇಂದ್ರಣ್ಣನ ಕೈಲಿ ಕೊಟ್ಟೆ. ಸಂಜೆ ವಾಪಸ್ ಕೊಟ್ಟು, ಆಯ್ತು ಅಂದ್ರು. ಸರ್ ಅಂತೂ ಕರಗಿದ್ರು ಅಂದ್ಕೊಂಡೆ."

ಧರ್ಮೇಂದ್ರ ಆ ಹ್ಯಾಂಗರಿನ ಮೆಕ್ಯಾನಿಕ್, ಹಾವೇರಿ ಕಡೆಯವನು. ಹದಿನಾಲ್ಕು ವರ್ಷದಿಂದ ಅಲ್ಲೇ ಇದ್ದ, ಲೈಸೆನ್ಸ್ ಇರಲಿಲ್ಲ. ಮೋಕ್ಷಿತಾ ಹೇಳಿದ್ದು ನಿಜವಿರಬಹುದು, ತಪ್ಪಿಸಿಕೊಳ್ಳಲು ಕಟ್ಟಿದ ಕತೆಯೂ ಇರಬಹುದು. ಆಶಾರಾಣಿ ಲಾಗ್‌ಬುಕ್ಕನ್ನು ಬೊಳ್ಳಪ್ಪನ ಕಡೆ ಸರಿಸಿದರು.

ಅವನು ಭೂತಗನ್ನಡಿ ಹಿಡಿದು ಅರ್ಧ ಗಂಟೆ ಕುಳಿತ. ಸೀಲಿನಲ್ಲಿ ನಾಗಾರ್ಜುನರ ಹೆಸರು, ಕೆಳಗೆ ಲೈಸೆನ್ಸ್ ನಂಬರು, ಅದರ ಕೊನೆಯ ಅಂಕಿ ಎಂಟು. ಅಸಲಿ ಸಹಿಗಳ ಪಕ್ಕದ ಎಂಟರಲ್ಲಿ ಎರಡು ತೂತು ಸ್ಪಷ್ಟವಾಗಿದ್ದವು. ನಲವತ್ತೊಂದರಲ್ಲಿ ಮಾತ್ರ ತೂತೇ ಇಲ್ಲ, ಎಂಟು ಬರೀ ಕಪ್ಪು ಮುದ್ದೆ. ಕೆಲಸದ ತಾರೀಖುಗಳು ಮಾರ್ಚಿನಿಂದ ಆಗಸ್ಟಿನವರೆಗೆ ಹರಡಿಕೊಂಡಿದ್ದರೂ ಎಲ್ಲ ಸೀಲೂ ಒಂದೇ ಸಲ ಕೂತು ಒತ್ತಿದ್ದು, ಸೀಲಿನ ತೂತಿನಲ್ಲಿ ಏನೋ ಮೆತ್ತಿಕೊಂಡಿದ್ದಾಗ.

"ಮೇಡಂ," ಎಂದ ಬೊಳ್ಳಪ್ಪ, "ನಮ್ಮ ಮನೆ ಕೋವಿಯ ಸಂದೀಲಿ ಕೈಲ್ ಮುಹೂರ್ತದ ಆಯುಧ ಪೂಜೆಗೆ ಹಚ್ಚಿದ ಗಂಧ ಇನ್ನೂ ಹೋಗಿಲ್ಲ. ಒಂದು ಸಲ ಅವರ ಮನೆಗೆ ಹೋಗಿ ಬರುವನ."

"ಸೀಲಿಗೆ ಯಾರ್ರೀ ಪೂಜೆ ಮಾಡ್ತಾರೆ?"

"ಹೋಗಿ ಕೇಳಿದರೆ ಗೊತ್ತಾಗ್ತದೆ."

ಮಧ್ಯಾಹ್ನ ಹನ್ನೆರಡಕ್ಕೆ ಜೀಪು ನಾಗಾರ್ಜುನರ ಅಂಗಳದಲ್ಲಿ ನಿಂತಿತು. ಅವರ ಹೆಂಡತಿ ಹೊನ್ನಮ್ಮ ಮೊದಲು ಕಾಫಿ ಕೊಟ್ಟರು, ಆಮೇಲೆ ಉತ್ತರ ಕೊಟ್ಟರು.

"ಹೊನ್ನಮ್ಮಕ್ಕ, ಕೈಲ್ ಮುಹೂರ್ತದ ದಿನ ದೀಪದ ಎದುರು ಎಂತೆಲ್ಲ ಇಟ್ಟಿದ್ರಿ?" ಎಂದು ಕೇಳಿದ ಬೊಳ್ಳಪ್ಪ.

"ಎಲ್ಲ ಇಟ್ಟಿದ್ದೆ. ಕೋವಿ, ಕತ್ತಿ, ಇವರ ಸ್ಪಾನರಿನ ಪೆಟ್ಟಿಗೆ. ಎಲ್ಲಕ್ಕೂ ಗಂಧ ಹಚ್ಚಿ ತೋಕ್‌ಪೂ ಹೂ ಇಟ್ಟೆ."

"ಸೀಲು?"

"ಅದೂ ಉಂಟಲ್ಲ, ಆ ಪೆಟ್ಟಿಗೆಯೊಳಗೆ. ಅನ್ನ ಕೊಡುದು ಅದೇ, ಅದಕ್ಕೆ ಗಂಧ ಬೇಡ್ವಾ? ಸ್ವಲ್ಪ ಜಾಸ್ತಿಯೇ ಹಚ್ಚಿದೆ."

ನಾಗಾರ್ಜುನ ಹಣೆ ಚಚ್ಚಿಕೊಂಡರು. ಸೆಪ್ಟೆಂಬರ್ ಎಂಟರ ಸೋಮವಾರ ಹ್ಯಾಂಗರಿನಲ್ಲಿ ಸೀಲು ಒತ್ತಿದಾಗ ಎಂಟು ಮುದ್ದೆಯಾಗಿ ಮೂಡಿತ್ತಂತೆ. ಸೋಪು ಹಾಕಿ ತೊಳೆದಿದ್ದರು. ಬಂದದ್ದು ಹಳದಿ ಗಸಿ.

ಆಶಾರಾಣಿ ಲೆಕ್ಕ ಹಾಕಿದರು. ಸೆಪ್ಟೆಂಬರ್ ಮೂರನೇ ತಾರೀಖು, ಹಬ್ಬದ ದಿನ, ಹನ್ನೆರಡು ಗಂಟೆಗೆ ಪೂಜೆ. ಸಂಜೆ ಐದಕ್ಕೆ ನಾಗಾರ್ಜುನ ದೀಪಕ್ಕೆ ಕೈಮುಗಿದು ಎಲ್ಲವನ್ನೂ ಎತ್ತಿ ಪೆಟ್ಟಿಗೆಗೆ ಬೀಗ ಹಾಕಿದ್ದರು. ಎಂಟನೇ ತಾರೀಖಿನವರೆಗೆ ಬೀಗ ತೆಗೆದಿರಲಿಲ್ಲ. ಸೀಲು ಒತ್ತಿದ್ದು ಆ ಐದು ಗಂಟೆಯೊಳಗೆ. ಊಟಕ್ಕೆ ಬಂದವರು ಹದಿನಾಲ್ಕು ಜನ, ಅದರಲ್ಲಿ ಹನ್ನೆರಡು ನೆಂಟರು. ಉಳಿದಿಬ್ಬರು ಮೋಕ್ಷಿತಾ ಮತ್ತು ಧರ್ಮೇಂದ್ರ.

"ನಮ್ಮ ಕಡೆಯವರು ಯಾರೂ ಮುಟ್ಟಿಲ್ಲ ಮೇಡಂ," ಎಂದ ಬೊಳ್ಳಪ್ಪ. "ದೀಪದ ಎದುರು ಇಟ್ಟದ್ದನ್ನು ಯಜಮಾನ ಎತ್ತುವ ಮೊದಲು ಮುಟ್ಟಲಿಕ್ಕೆ ಇಲ್ಲಿ ಯಾರಿಗೂ ಕೈ ಬರುದಿಲ್ಲ. ಆ ಹುಡುಗಿಗೂ ಬರುದಿಲ್ಲ."

"ಕೋರ್ಟಲ್ಲಿ ಇದನ್ನ ಹೇಳಿದ್ರೆ ಜಡ್ಜ್ ಸಾಹೇಬ್ರು ನಗ್ತಾರೆ. ಸಾಕ್ಷಿ ತನ್ನಿ."

ಸಾಕ್ಷಿ ಸಿಕ್ಕಿದ್ದು ನಾಗಾರ್ಜುನರ ಅಣ್ಣನ ಮಗನ ಮೊಬೈಲಿನಲ್ಲಿ. ಊಟದ ನಂತರ ಎಲ್ಲರೂ ಗದ್ದೆಗೆ ಇಳಿದು ತೆಂಗಿನಕಾಯಿಗೆ ಗುರಿಯಿಟ್ಟು ಗುಂಡು ಹೊಡೆಯುವ ಪಂದ್ಯ ಆಡಿದ್ದರು. ಮೂರೂ ಹದಿನೈದರಿಂದ ನಾಲ್ಕೂ ಹತ್ತರವರೆಗೆ ಬಿಡದೆ ತೆಗೆದ ವಿಡಿಯೋ. ಅದರಲ್ಲಿ ಮೋಕ್ಷಿತಾ ಮೊದಲಿಂದ ಕೊನೆಯವರೆಗೂ ಇದ್ದಳು. ನಾಲ್ಕನೇ ಗುಂಡಿಗೆ ಕಾಯಿ ಹೊಡೆದು, ನಾಗಾರ್ಜುನರ ಭಾವನ ಮುಖ ಸಪ್ಪೆ ಮಾಡಿದ್ದಳು. ಆ ಭಾಗವನ್ನು ಬೊಳ್ಳಪ್ಪ ತನಿಖೆಯ ಹೆಸರಲ್ಲಿ ಮೂರು ಸಲ ನೋಡಿದ. ಧರ್ಮೇಂದ್ರ ಮೂರೂ ಇಪ್ಪತ್ತಕ್ಕೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮನೆಯ ಕಡೆ ನಡೆದದ್ದು, ನಾಲ್ಕೂ ಐದಕ್ಕೆ ಬಾಯ್ತುಂಬ ಕಡಂಬುಟ್ಟಿನ ಅಕ್ಕಿಯುಂಡೆ ತುಂಬಿಕೊಂಡು ಬಂದದ್ದು ಎರಡೂ ಸ್ಪಷ್ಟವಾಗಿ ಕಾಣುತ್ತಿತ್ತು. ಮತ್ತಾರೂ ಆ ಹೊತ್ತಿನಲ್ಲಿ ಗದ್ದೆ ಬಿಟ್ಟಿರಲಿಲ್ಲ. ಪೂಜೆಯ ನಂತರ ಎಲ್ಲರೂ ಗದ್ದೆಗೆ ಇಳಿಯುವವರೆಗೆ, ಮತ್ತೆ ಪಂದ್ಯ ಮುಗಿದ ಮೇಲೆ ಐದರವರೆಗೆ ಹೊನ್ನಮ್ಮ ದೀಪದ ಹತ್ತಿರದಿಂದ ಕದಲಿರಲಿಲ್ಲ.

ಇಬ್ಬರು ಪಂಚರ ಸಮಕ್ಷಮ ಸೀಲನ್ನೂ ಮೊಬೈಲನ್ನೂ ವಶಕ್ಕೆ ಪಡೆದು ಪಂಚನಾಮೆ ಬರೆದಾಗ ಗಂಟೆ ಮೂರಾಗಿತ್ತು. ಪಂಚರಲ್ಲಿ ಒಬ್ಬ, ಸೀಲಿಗೆ ಗಂಧ ಹಚ್ಚಿದ್ದು ಸರಿಯೋ ತಪ್ಪೋ ಎಂದು ದಾರಿಯುದ್ದಕ್ಕೂ ವಾದ ಮಾಡಿದ.

ನವೆಂಬರ್ ಹದಿನೇಳು, ಸೋಮವಾರ, ಬೆಳಿಗ್ಗೆ ಹತ್ತೂ ಕಾಲಿಗೆ ಆಶಾರಾಣಿ ಮತ್ತು ಬೊಳ್ಳಪ್ಪ ಹ್ಯಾಂಗರಿಗೆ ಹೋದಾಗ ಧರ್ಮೇಂದ್ರ ಒಂದು ಸಣ್ಣ ವಿಮಾನದ ಎಂಜಿನ್ ಕೆಳಗೆ ಬಗ್ಗಿದ್ದ. ಪೊಲೀಸರನ್ನು ಕಂಡರೂ ಓಡಲಿಲ್ಲ. ಕೈಯಲ್ಲಿದ್ದ ಸ್ಪಾನರನ್ನು ಹಲಗೆಯ ಮೇಲೆ ಅದರದೇ ಆಕಾರ ಬರೆದಿದ್ದ ಜಾಗದಲ್ಲಿ ನೇತುಹಾಕಿ, ಉಳಿದವನ್ನು ಎಣಿಸಿ, ಆಮೇಲೆ ಎದುರು ಬಂದು ನಿಂತ. ಬೊಳ್ಳಪ್ಪನಿಗೆ ಅವನ ಮೇಲೆ ಆ ಕ್ಷಣವೇ ಪ್ರೀತಿ ಹುಟ್ಟಿತು. ಡ್ಯೂಟಿಯಲ್ಲಿ ಅದು ಆಗಬಾರದಾಗಿತ್ತು.

"ಸೀಲು ಒತ್ತಿದ್ದು ಯಾರು?"

"ನಾನಽ ರೀ."

"ಹುಡುಗಿಗೆ ಗೊತ್ತಿತ್ತಾ?"

"ಆಕೀಗೆ ಏನೂ ಗೊತ್ತಿಲ್ರಿ. ಹುಡುಗಿ ಮಾಡಿದ ಕೆಲಸ ಖರೇ ಐತ್ರಿ ಮೇಡಂ. ಒಂದೊಂದೂ ನಾನ ಪಕ್ಕಕ್ಕ ನಿಂತು ಕಲಿಸೀನಿ. ಸಹಿ ಅಷ್ಟಽ ಸುಳ್ಳು."

ಹತ್ತೂ ಐವತ್ತಕ್ಕೆ ದಸ್ತಗಿರಿ. ಠಾಣೆಗೆ ಬಂದ ಮೇಲೆ ಅವನು ಸ್ವಇಚ್ಛಾ ಹೇಳಿಕೆ ಕೊಟ್ಟ. ಲೈಸೆನ್ಸಿನ ಪರೀಕ್ಷೆಗಳಲ್ಲಿ ಟಿಕ್ ಹಾಕುವ ಪತ್ರಿಕೆಗಳನ್ನೆಲ್ಲ ಪಾಸು ಮಾಡಿದ್ದನಂತೆ. ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಬೇಕಾದ ಒಂದರಲ್ಲಿ ಐದು ಸಲ ಬಿದ್ದ. ಶಬ್ದ ಕೇಳಿಯೇ ಯಾವ ಸಿಲಿಂಡರಿನ ತೊಂದರೆ ಎಂದು ಹೇಳಬಲ್ಲ ಮನುಷ್ಯ, ಅದನ್ನೇ ಒಂದು ಪುಟ ಬರೆಯಲು ಕುಳಿತರೆ ಬೆವರುತ್ತಿದ್ದ. ಹದಿನಾಲ್ಕು ವರ್ಷದಲ್ಲಿ ಎಷ್ಟೋ ಹುಡುಗರಿಗೆ ಕಲಿಸಿದ್ದ, ಒಬ್ಬರ ಪುಸ್ತಕದಲ್ಲೂ ಅವನ ಹೆಸರಿರಲಿಲ್ಲ. ಮೋಕ್ಷಿತಾ ಕಲಿತದ್ದು ಲೆಕ್ಕಕ್ಕೇ ಬರುವುದಿಲ್ಲ ಎಂದಾದಾಗ, ತನ್ನ ಹದಿನಾಲ್ಕು ವರ್ಷವೂ ಲೆಕ್ಕಕ್ಕಿಲ್ಲ ಎಂದು ಅನಿಸಿತಂತೆ. ಹೇಳಿಕೆ ಬರೆದುಕೊಳ್ಳುತ್ತಿದ್ದ ಬೊಳ್ಳಪ್ಪ ಎರಡು ಸಲ ಪೆನ್ನಿನ ಇಂಕು ಸರಿಯಿಲ್ಲವೆಂದು ಸುಳ್ಳು ಹೇಳಿ ಎದ್ದು ಹೊರಗೆ ಹೋಗಿ ಬಂದ.

ಅಪರಾಧ ಅಪರಾಧವೇ. ಕೇಸು ನಡೆಯಿತು, ಧರ್ಮೇಂದ್ರನಿಗೆ ನಾಲ್ಕು ದಿನದಲ್ಲಿ ಜಾಮೀನು ಸಿಕ್ಕಿತು. ಮೋಕ್ಷಿತಾಳನ್ನು ಸಾಕ್ಷಿಯೆಂದು ಬರೆದುಕೊಂಡರು. ಕಂಪನಿ ಫೆಬ್ರವರಿಯವರೆಗೆ ಕಾಯಲು ಒಪ್ಪಿತು. ನಲವತ್ತೊಂದು ಕೆಲಸವನ್ನೂ ಮೋಕ್ಷಿತಾ ಮೊದಲಿನಿಂದ ತಮ್ಮ ಕಣ್ಣೆದುರು ಮಾಡಬೇಕೆಂದು ನಾಗಾರ್ಜುನ ಹಟ ಹಿಡಿದರು. ಅದಕ್ಕಾಗಿ ತಾವೂ ಕಾಫಿ ಕೊಯ್ಲಿನ ಕಾಲದಲ್ಲಿ ತೋಟವನ್ನು ಆಳುಗಳ ಲೆಕ್ಕ ನೋಡುವ ರೈಟರಿಗೆ ಒಪ್ಪಿಸಿ ವಾರವಿಡೀ ಹ್ಯಾಂಗರಿನಲ್ಲಿ ನಿಂತರು. ಹೊನ್ನಮ್ಮ ಬೈದದ್ದಕ್ಕೆ ಲೆಕ್ಕವಿಲ್ಲ.

ಫೆಬ್ರವರಿ ಹತ್ತೊಂಬತ್ತರಂದು ನಾಗಾರ್ಜುನ ತಾವಾಗಿಯೇ ಠಾಣೆಗೆ ಬಂದರು.

"ಪೂರಕ ಹೇಳಿಕೆ ಕೊಡಬೇಕು, ಬರೆದುಕೊಳ್ಳಿ ಬೊಳ್ಳಪ್ಪ."

"ಎಂತ ಬರೆಯುದು ಸರ್?"

"ಮೋಕ್ಷಿತಾ ನಲವತ್ತೊಂದು ಕೆಲಸವನ್ನೂ ನನ್ನ ಎದುರು ಮಾಡಿದಳು. ಒಂದರಲ್ಲೂ ತಪ್ಪು ಹುಡುಕಲಿಕ್ಕೆ ನನ್ನಿಂದ ಆಗಲಿಲ್ಲ. ಇದೆಲ್ಲ ಅವಳಿಗೆ ಕಲಿಸಿದ್ದು ಧರ್ಮೇಂದ್ರ." ನಾಗಾರ್ಜುನ ಕನ್ನಡಕ ತೆಗೆದು ಒರೆಸಿಕೊಂಡರು. "ಇದನ್ನು ಅವಳ ಕೈಯಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಎಲ್ಲಿ ಸಹಿ ಹಾಕಬೇಕು, ತೋರಿಸಿ."